ಬಾಣಂತಿಯ ಬದಲಿ

ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕ್ಲಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಬೆಲ್ಟಿನ ಮೇಲೆ ಹೋಳುಹೋಳಾಗಿ ಬರುವ ಬ್ರೆಡ್ಡಿಗೆ ಕವರು ತೊಡಿಸಿ, ಕವರಿನ ಬಾಯಿಯನ್ನು ಎರಡು ಸುತ್ತು ತಿರುಚಿ, ಚಿಕ್ಕ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸುವುದು ಅವಳ ಕೆಲಸ. ಉಳಿದವರು ಒಂದು ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ ಪಕ್ಕದವಳ ಜೊತೆ ಮಾತಿಗಿಳಿದಿರುತ್ತಿದ್ದಳು. ಇವಳ ಬಾಯಿಗೂ ಯಾರಾದರೂ ಒಂದು ಕ್ಲಿಪ್ ಹಾಕಿ ಎಂದು ಮೇಸ್ತ್ರಿ ಒಂದು ರಾತ್ರಿ ರೇಗಿದ, ಹೆಸರು ಅಂಟಿಕೊಂಡಿತು. ಇಪ್ಪತ್ತಮೂರು ವರ್ಷದವಳನ್ನು ನಲವತ್ತು ದಾಟಿದವರೂ ಅಕ್ಕ ಅನ್ನುತ್ತಿದ್ದರು.

ಆ ವಿಭಾಗದಲ್ಲಿ ಕೆಲಸ ಸಿಕ್ಕಿತು ಎಂದು ಯಾರೂ ಹೇಳುವುದಿಲ್ಲ, ಜಾಗ ಸಿಕ್ಕಿತು ಅನ್ನುತ್ತಾರೆ. ಬೆಲ್ಟಿನ ಎರಡೂ ಬದಿಗೆ ಒಟ್ಟು ಇಪ್ಪತ್ತನಾಲ್ಕು ಜಾಗ. ಸಂಜೆ ಬೆಂದ ಬ್ರೆಡ್ಡು ಆರಬೇಕು, ಆಮೇಲೆ ಕತ್ತರಿಸಬೇಕು, ಬೆಳಗಾಗುವುದರೊಳಗೆ ಅಂಗಡಿಗಳನ್ನು ಮುಟ್ಟಬೇಕು. ಹಾಗಾಗಿ ಪ್ಯಾಕಿಂಗಿಗೆ ಇರುವುದು ಒಂದೇ ಪಾಳಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಗೇಟಿನ ಹೊರಗೆ ಗೋಡೆಯುದ್ದಕ್ಕೂ ಒಂದು ಸಿಮೆಂಟಿನ ಬೆಂಚು. ಜಾಗ ಇಲ್ಲದವರು ಒಂಬತ್ತೂವರೆಯಿಂದ ಅಲ್ಲಿ ಬಂದು ಕೂರುತ್ತಾರೆ. ಹತ್ತಕ್ಕೆ ಮೇಸ್ತ್ರಿ ಒಳಗೆ ಖಾಲಿ ಇರುವ ಜಾಗಗಳನ್ನು ನೋಡಿಕೊಂಡು ಬಂದು, ಬೆಂಚಿನವರಲ್ಲಿ ಅಷ್ಟು ಜನರತ್ತ ಬೆರಳು ತೋರಿಸುತ್ತಾನೆ. ಒಂದೇ ಜಾಗದಲ್ಲಿ ಸತತ ಮೂರು ರಾತ್ರಿ ನಿಂತವಳಿಗೆ ಆ ಜಾಗ ಖಾಯಂ. ಇದನ್ನು ಎಲ್ಲಿಯೂ ಬರೆದಿಲ್ಲ, ಆದರೆ ಬರೆದದ್ದಕ್ಕಿಂತ ಗಟ್ಟಿ. ಕ್ಲಿಪ್ಪಕ್ಕನಿಗೂ ಜಾಗ ಸಿಕ್ಕಿದ್ದು ಹೀಗೇ. ಮಗುವಿಗೆ ಜ್ವರವೆಂದು ಎರಡು ರಾತ್ರಿ ಬರದ ಹೆಂಗಸೊಬ್ಬಳು ಮೂರನೆಯ ರಾತ್ರಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದಾಗ ಹತ್ತು ದಾಟಿ ಹತ್ತು ನಿಮಿಷವಾಗಿತ್ತು. ಕ್ಲಿಪ್ಪಕ್ಕ ಬೆಲ್ಟಿನಿಂದ ತಲೆ ಎತ್ತಿರಲಿಲ್ಲ.

ಈ ಬಿಗಿಯಲ್ಲಿ ಒಂದೇ ಒಂದು ಸಡಿಲವಿತ್ತು. ಅದಕ್ಕೆ ಮನೆ ಬದಲಿ ಎಂದು ಹೆಸರು. ಬರಲಾಗದವಳು ಫೋಟೋ ಇಲ್ಲದ ತನ್ನ ಗೇಟಿನ ಕಾರ್ಡು ಕೊಟ್ಟು ಮನೆಯಿಂದಲೇ ಒಬ್ಬಳನ್ನು ಕಳಿಸಿದರೆ ಜಾಗ ಖಾಲಿಯಾದಂತೆ ಲೆಕ್ಕವಿಲ್ಲ. ತಂಗಿ, ನಾದಿನಿ, ಅತ್ತೆ ಯಾರಾದರೂ ಸರಿ. ತನಗೆ ಬೇಕಾದದ್ದು ಇಪ್ಪತ್ತನಾಲ್ಕು ಜೊತೆ ಕೈ, ಮುಖಗಳನ್ನು ನಿಮ್ಮ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎನ್ನುತ್ತಿದ್ದ ಮೇಸ್ತ್ರಿ. ಗೇಟಿನ ಒಳಗೋಡೆಯ ಮೇಲೆ ಮಾತ್ರ ಒಂದು ಬೋರ್ಡಿತ್ತು: ಹದಿನೆಂಟು ತುಂಬದ ಯಾರನ್ನೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕೆಲಸಕ್ಕೆ ಇಟ್ಟುಕೊಳ್ಳಬಾರದು. ಅದರ ಮುಂದೆ ಖಾಲಿ ಕ್ರೇಟುಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿದ್ದರು.

ಕ್ಲಿಪ್ಪಕ್ಕ ತುಂಬು ಹೊಟ್ಟೆ ಹೊತ್ತು ಕೊನೆಯ ವಾರದವರೆಗೂ ಬೆಲ್ಟಿಗೆ ನಿಂತಳು. ಹೊಟ್ಟೆ ಅಡ್ಡ ಬರುತ್ತದೆಂದು ಪಕ್ಕಕ್ಕೆ ತಿರುಗಿ ನಿಂತು ಕ್ಲಿಪ್ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವಳಿಗೆ ನೋವು ಶುರುವಾಯಿತು; ಮಧ್ಯಾಹ್ನದ ಹೊತ್ತಿಗೆ ಗಂಡು ಮಗು, ಕೆಳಗೆ ಏಳು ಹೊಲಿಗೆ. ಗಂಡ ಲಾರಿ ಓಡಿಸುವವನು. ಮೂರು ತಿಂಗಳ ಹಿಂದೆ ದೂರದ ಲೋಡಿಗೆ ಹೋದವನು ಎರಡು ಸಲ ಫೋನು ಮಾಡಿದ್ದ, ಆಮೇಲೆ ಇಲ್ಲ. ಬಿಟ್ಟುಹೋದ ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಬರುತ್ತಾನೆ ಅನ್ನಲು ಧೈರ್ಯ ಬರುತ್ತಿರಲಿಲ್ಲ. ಒಂದೇ ಕೋಣೆಯ ಆ ಮನೆಯಲ್ಲಿ ಇನ್ನು ಇದ್ದವಳು ತಂಗಿ. ಅಮ್ಮ ತೀರಿಕೊಂಡಾಗ ಒಂಬತ್ತು ವರ್ಷದವಳು, ಈಗ ಹದಿನಾರು, ಶಾಲೆಯ ಕೊನೆಯ ವರ್ಷ. ಹಿಡಿದ ಹಟ ಬಿಡದವಳಾದ್ದರಿಂದ ಮನೆಯಲ್ಲಿ ಅವಳ ಹೆಸರು ಮೊಂಡಿ.

ಹೆರಿಗೆಯಾಗಿ ಎರಡು ರಾತ್ರಿ ಜಾಗ ಖಾಲಿ ಹೋಯಿತು. ಎರಡೂ ರಾತ್ರಿ ಆ ಜಾಗಕ್ಕೆ ಬೆಂಚಿನಿಂದ ಒಬ್ಬಳನ್ನೇ ಕರೆದಿದ್ದಾರೆ ಎಂಬ ಸುದ್ದಿಯನ್ನು ಮಗು ನೋಡಲು ಬಂದವರು ಕೊಟ್ಟುಹೋದರು. ಮೂರನೆಯ ದಿನ ಸಂಜೆ ಕ್ಲಿಪ್ಪಕ್ಕ ಹಾಸಿಗೆಯಿಂದ ಎದ್ದು ಚಪ್ಪಲಿ ಹುಡುಕತೊಡಗಿದಳು. ಮೊಂಡಿ ಚಪ್ಪಲಿಗಳನ್ನು ತನ್ನ ಕಾಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕಾರ್ಡ್ ಕೊಡು," ಎಂದಳು.

"ಲೇ, ನಿನಗೆ ಹದಿನಾರು ಕಣೇ."

"ನಿನಗೆ ಏಳು ಹೊಲಿಗೆ. ಯಾವುದು ದೊಡ್ಡದು ನೀನೇ ಹೇಳು."

ಕ್ಲಿಪ್ಪಕ್ಕ ಆಗುವುದಿಲ್ಲ ಎಂದಳು, ಬೈದಳು, ಅತ್ತಳು. ಗಡಿಯಾರ ಮಾತ್ರ ಯಾರ ಮಾತಿಗೂ ನಿಲ್ಲಲಿಲ್ಲ. ಒಂಬತ್ತು ಗಂಟೆಗೆ ಅವಳೇ ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಪಾಠ ಒಪ್ಪಿಸಿಕೊಂಡಳು. ಅವಳು ಯಾವುದಕ್ಕೂ ಒಂದು ದಾರಿ ಕಂಡುಕೊಳ್ಳುವ ಹೆಂಗಸು, ಇದಕ್ಕೂ ಕಂಡುಕೊಂಡಿದ್ದಳು.

"ಸುಳ್ಳು ಒಂದೇ ಇರ್ಲಿ. ನೀನು ನಾನು ಅನ್ನೋದು. ಮಿಕ್ಕಿದ್ದೆಲ್ಲ ನಿಜಾನೇ ಹೇಳು. ಸುಳ್ಳು ಜಾಸ್ತಿ ಆದ್ರೆ ನೆನಪಿರಲ್ಲ."

ಮೊಂಡಿ ಅಕ್ಕನ ಹುಟ್ಟಿದ ತಾರೀಖು, ಜಾಗಕ್ಕೆ ಬಂದ ವರ್ಷ, ಗಂಡನ ಲಾರಿಯ ಬಣ್ಣ, ಎಲ್ಲವನ್ನೂ ಒಪ್ಪಿಸಿದಳು. ಗಂಡ ಯಾವಾಗ ಬರುತ್ತಾನೆ ಎಂದು ಕೇಳಿದರೆ ಏನನ್ನಲಿ ಎಂದಳು. ಅದನ್ನು ಯಾರೂ ಕೇಳುವುದಿಲ್ಲ ಎಂದು ಅಕ್ಕ ಮುಖ ತಿರುಗಿಸಿದಳು.

ಆ ರಾತ್ರಿ ಜಾಗ ಉಳಿಯಿತು. ಮೇಸ್ತ್ರಿ ಮೊಂಡಿಯ ಮುಖ ನೋಡಿದ, ಕೈ ನೋಡಿದ, ಒಳಗೆ ಬಿಟ್ಟ. ಲೆಕ್ಕ ಸುಲಭವಾಗಿತ್ತು: ನಲವತ್ತು ದಿನ ಹೇಗಾದರೂ ದೂಡಿದರೆ ಕ್ಲಿಪ್ಪಕ್ಕ ಎದ್ದು ನಿಲ್ಲುತ್ತಾಳೆ. ಸುಲಭವಲ್ಲದ್ದು ಆ ದಿನಗಳು. ಮೊಂಡಿ ಬೆಳಿಗ್ಗೆ ಆರೂವರೆಗೆ ಬಂದು ಬಕೆಟ್ ನೀರು ಸುರಿದುಕೊಂಡು, ನಿಂತೇ ತಿಂದು, ಎಂಟೂವರೆಗೆ ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಂದವಳು ಚೀಲ ಇಳಿಸುವ ಮೊದಲೇ ಮಲಗಿರುತ್ತಿದ್ದಳು. ಒಂಬತ್ತಕ್ಕೆ ಅವಳನ್ನು ಎಬ್ಬಿಸುವುದು ಕ್ಲಿಪ್ಪಕ್ಕನ ಪಾಲಿನ ಕೆಲಸ. ಹೆಸರು ಹಿಡಿದು ಕೂಗಿದರೆ ಏಳುತ್ತಿರಲಿಲ್ಲ, ಅಲುಗಾಡಿಸಿದರೆ ಏಳುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖದ ಮೇಲೆ ಹಾಕಬೇಕಿತ್ತು. ಏಳುತ್ತಲೇ ಏನು ಎತ್ತ ಎಂದು ತಿಳಿಯದೆ ಕಣ್ಣು ಬಿಡುವ ಆ ಒಂದು ಗಳಿಗೆಯಲ್ಲಿ ಮೊಂಡಿಗೆ ಒಂಬತ್ತು ವರ್ಷದ ಮುಖ ಬರುತ್ತಿತ್ತು. ಕ್ಲಿಪ್ಪಕ್ಕ ಆ ಮುಖ ನೋಡದೆ ಬಟ್ಟೆ ಹಿಂಡುತ್ತಿದ್ದಳು.

ಎರಡನೆಯ ವಾರ ಶಾಲೆಯಿಂದ ಚೀಟಿ ಬಂತು: ಹುಡುಗಿ ತರಗತಿಯಲ್ಲಿ ನಿದ್ದೆ ಮಾಡುತ್ತಾಳೆ, ಪೋಷಕರು ಬಂದು ಕಾಣಬೇಕು. ಪೋಷಕಿಗೆ ಎರಡು ಓಣಿ ನಡೆಯಲು ಆಗುತ್ತಿರಲಿಲ್ಲ. ಟ್ರೇಯ ಅಂಚು ತಾಗಿ ಮೊಂಡಿಯ ಹೆಬ್ಬೆರಳು ಸೀಳಿತ್ತು. ರಾತ್ರಿಯಿಡೀ ಕವರು ತಿರುಚಿ ತಿರುಚಿ ಗಾಯ ಮಾಯಲೇ ಇಲ್ಲ. ಒಂದು ಸಂಜೆ ಮಗುವಿನ ಪಕ್ಕದಲ್ಲಿ ಮಲಗಿದ್ದ ಅವಳು ನಿದ್ದೆಯಲ್ಲೇ ಕೈ ಚಾಚಿ, ಮಗುವಿಗೆ ಹೊದೆಸಿದ್ದ ಬಟ್ಟೆಯ ಅಂಚನ್ನು ಹಿಡಿದು ಎರಡು ಸುತ್ತು ತಿರುಚಿದಳು. ಅಂದಿನಿಂದ ಕ್ಲಿಪ್ಪಕ್ಕ ಇಬ್ಬರ ನಡುವೆ ತಾನು ಮಲಗುತ್ತಿದ್ದಳು. ಹತ್ತನೆಯ ದಿನ ತಾನೇ ಹೋಗಿಬಿಡುತ್ತೇನೆಂದು ಹೊರಟು, ಓಣಿಯ ತಿರುವಿನವರೆಗೆ ನಡೆದು, ಸೀರೆಗೆ ರಕ್ತ ಇಳಿದದ್ದನ್ನು ಕಂಡು ಗೋಡೆ ಹಿಡಿದುಕೊಂಡು ವಾಪಸು ಬಂದಿದ್ದಳು. ರಾತ್ರಿ ಮಗು ಎದ್ದಾಗಲೆಲ್ಲ ಹಾಲೂಡಿಸುತ್ತ ಗಡಿಯಾರ ನೋಡುವುದು ಅಭ್ಯಾಸವಾಯಿತು. ಈಗ ಚಹಾದ ಬಿಡುವು, ಈಗ ಮೊದಲ ವ್ಯಾನು ಹೊರಟಿರುತ್ತದೆ, ಈಗ ಮೊಂಡಿ ಕಾಲು ಬದಲಿಸಿ ನಿಂತಿರುತ್ತಾಳೆ.

ಮಗುವಿಗೆ ಇಪ್ಪತ್ತೆರಡು ದಿನವಾದ ರಾತ್ರಿ ಕಾರ್ಖಾನೆಗೆ ಕಾರ್ಮಿಕ ಇಲಾಖೆಯ ಅಧಿಕಾರಿಣಿ ಬಂದರು. ಅಲ್ಲಿ ನಡೆದದ್ದನ್ನು ಕ್ಲಿಪ್ಪಕ್ಕ ಆಮೇಲೆ ಬೇರೆಯವರ ಬಾಯಿಂದ ಕೇಳಿದಳು. ಕುಳ್ಳಗಿನ, ಕನ್ನಡಕದ ಹೆಂಗಸು. ಮೇಸ್ತ್ರಿ ತಂದಿಟ್ಟ ಕುರ್ಚಿಯಲ್ಲಿ ಕೂರದೆ, ಬೆಲ್ಟಿನ ಉದ್ದಕ್ಕೂ ನಡೆದು, ಎಳೆಯ ಮುಖ ಕಂಡಲ್ಲೆಲ್ಲ ನಿಂತು ಕಾರ್ಡು ಕೇಳಿದರಂತೆ. ಮೊಂಡಿಯ ಮುಂದೆ ಬಹಳ ಹೊತ್ತು ನಿಂತರಂತೆ. ಅವಳು ಒಂದಕ್ಕೂ ತಡವರಿಸಲಿಲ್ಲ. ಹುಟ್ಟಿದ ತಾರೀಖು ಕೇಳಿದರೆ ಹೇಳಿದಳು. ಜಾಗಕ್ಕೆ ಬಂದು ಎಷ್ಟು ವರ್ಷವೆಂದರೆ ಹೇಳಿದಳು. ಮದುವೆಯಾಗಿದೆಯೇ, ಆಗಿದೆ. ಗಂಡ ಏನು ಮಾಡುತ್ತಾನೆ, ಲಾರಿ. ಮಕ್ಕಳು? ಒಂದು, ಗಂಡು. ಎಷ್ಟು ವಯಸ್ಸು?

"ಇವತ್ತಿಗೆ ಇಪ್ಪತ್ತೆರಡು ದಿನ ಮೇಡಂ," ಎಂದಳು ಮೊಂಡಿ, ಪಾಠ ಚೆನ್ನಾಗಿ ಒಪ್ಪಿಸಿದವಳ ಹೆಮ್ಮೆಯಿಂದ.

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತನಂತೆ. ಅಧಿಕಾರಿಣಿ ಬೆಲ್ಟು ನಿಲ್ಲಿಸಲು ಹೇಳಿದರು. ಹೆರಿಗೆಯಾಗಿ ಆರು ವಾರ ತುಂಬದ ಹೆಂಗಸನ್ನು ಹಗಲಾಗಲಿ ರಾತ್ರಿಯಾಗಲಿ ಕೆಲಸಕ್ಕೆ ನಿಲ್ಲಿಸುವಂತಿಲ್ಲ ಎಂಬುದು ಇನ್ನೊಂದು ಕಾನೂನು. ಅದರ ಬೋರ್ಡು ಆ ಗೋಡೆಯ ಮೇಲೆ ಇರಲೇ ಇಲ್ಲ, ಅಕ್ಕತಂಗಿಯರಿಗೆ ಹೇಗೆ ತಿಳಿಯಬೇಕು? ಒಂದೇ ಸುಳ್ಳು ಇರಲಿ ಎಂದ ಅಕ್ಕನ ಮಾತನ್ನು ತಂಗಿ ಅಕ್ಷರಶಃ ನಡೆಸಿದ್ದಳು, ಸಿಕ್ಕಿಬಿದ್ದದ್ದು ನಿಜದ ಕೈಗೆ. ಮಗುವಿಗೆ ಹಾಲು ಯಾರು ಕೊಡುತ್ತಿದ್ದಾರೆ ಎಂದು ಆ ಹೆಂಗಸು ಕೇಳಿದರು. ಪಾಠದಲ್ಲಿ ಅದು ಇರಲಿಲ್ಲ. ಅಧಿಕಾರಿಣಿ ಅವಳ ತೋಳು ಹಿಡಿದು, ನಡಿಯಮ್ಮ, ಮೊದಲು ಮಗು ನೋಡೋಣ ಎಂದು ತಮ್ಮ ಜೀಪು ಹತ್ತಿಸಿಕೊಂಡರು.

ಎರಡು ಗಂಟೆಗೆ ಬಾಗಿಲು ಬಡಿದಾಗ ಕ್ಲಿಪ್ಪಕ್ಕನ ಹೆಗಲ ಮೇಲೆ ಮಗುವಿತ್ತು. ಗಂಡನೇ ಬಂದನೆಂದುಕೊಂಡು ಚಿಲಕ ತೆಗೆದಳು. ಎದುರಿಗೆ ಕನ್ನಡಕದ ಹೆಂಗಸು, ಹಿಂದೆ ಜೀಪಿನ ದೀಪ, ಪಕ್ಕದಲ್ಲಿ ತಲೆಗೆ ಪ್ಯಾಕಿಂಗಿನ ನೀಲಿ ಟೋಪಿ ಹಾಕಿಕೊಂಡೇ ಬಂದಿದ್ದ ಮೊಂಡಿ. ಅಧಿಕಾರಿಣಿ ಮಗುವನ್ನು ನೋಡಿದರು, ಹಾಲಿನಿಂದ ಒದ್ದೆಯಾದ ರವಿಕೆಯನ್ನು ನೋಡಿದರು, ಆಮೇಲೆ ಮೊಂಡಿಯ ಕಡೆ ತಿರುಗಿದರು. ಬಿಡಿಸಿ ಹೇಳಲು ಏನೂ ಉಳಿದಿರಲಿಲ್ಲ.

"ಇವಳು ನಿಮಗೇನಾಗಬೇಕು?"

"ತಂಗಿ."

ಅವರು ಹೊಸಿಲಿನ ಮೇಲೇ ಕೂತು ಪುಸ್ತಕ ಬಿಚ್ಚಿದರು. ಜೋರು ಮಾಡುವ ಹೆಂಗಸಲ್ಲ. ಕಾರ್ಡು ಬದಲಾಯಿಸಿದ್ದು ಕಾರ್ಖಾನೆಯ ತಪ್ಪು, ಅದಕ್ಕೆ ಒಂದು ಎಚ್ಚರಿಕೆ ಬರೆಯುತ್ತೇನೆ, ನೀವಂತೂ ಮನೆಯಲ್ಲೇ ಇದ್ದೀರಿ ಎಂದರು. ಆದರೆ ಹುಡುಗಿಯ ವಯಸ್ಸು ತಿಳಿಯಬೇಕು. ಹದಿನೆಂಟು ತುಂಬಿದ್ದರೆ ವಿಷಯ ಇಲ್ಲಿಗೆ ಮುಗಿಯಿತು. ತುಂಬಿಲ್ಲವಾದರೆ ಈ ರಾತ್ರಿಯಿಂದಲೇ ನಿಲ್ಲಿಸಬೇಕು, ಕಾರ್ಖಾನೆಗೆ ನೋಟಿಸು ಹೋಗುತ್ತದೆ, ಇನ್ನು ಮೇಲೆ ಅಲ್ಲಿ ಯಾರ ಮನೆಯ ಬದಲಿಯೂ ನಡೆಯುವುದಿಲ್ಲ. ಶಾಲೆಯ ಕಾಗದ ನಾಳೆ ತರಿಸಿ ನೋಡಬಹುದು, ಆದರೆ ನೀವು ಹೇಳಿದ್ದನ್ನೇ ನಾನು ಬರೆಯುತ್ತೇನೆ ಎಂದು ಕ್ಲಿಪ್ಪಕ್ಕನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

ಅವರು ಪಾರಾಗಲು ಒಂದು ದಾರಿ ಬಿಟ್ಟೇ ಮಾತಾಡುತ್ತಿದ್ದಾರೆಂದು ಕ್ಲಿಪ್ಪಕ್ಕನಿಗೆ ಅರ್ಥವಾಯಿತು. ಒಂದು ಮಾತು ಸಾಕು. ಇನ್ನು ಇಪ್ಪತ್ತು ದಿನ.

"ಹದಿನೆಂಟು," ಎಂದಳು. ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ. "ಹೋದ ತಿಂಗಳು ತುಂಬ್ತು."

ಅಧಿಕಾರಿಣಿ ಬರೆಯಲು ಬಗ್ಗಿದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮೊಂಡಿ ತಟ್ಟನೆ ನೆಟ್ಟಗಾದಳು. ಟೋಪಿ ಸರಿಮಾಡಿಕೊಂಡಳು.

"ಹಾಗಾದ್ರೆ ಮೇಡಂ, ನೀವು ಆ ಕಡೆಗೇ ಹೋಗ್ತೀರಲ್ವಾ? ನನ್ನನ್ನ ವಾಪಸ್ ಬಿಟ್ಬಿಡಿ. ಪಾಳಿ ಇನ್ನೂ ನಾಲ್ಕು ಗಂಟೆ ಇದೆ."

ಅಷ್ಟು ಹೇಳಿ ಆಗಲೇ ಒಂದು ಮೆಟ್ಟಿಲು ಇಳಿದಿದ್ದಳು. ಕಾಲು ಎಲ್ಲಿ ಇಡುತ್ತಿದ್ದೇನೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ಮೆಟ್ಟಿಲು ಸಿಗದೆ ಮುಗ್ಗರಿಸಿ, ಜೀಪಿನ ಬಾನೆಟ್ಟಿಗೆ ಕೈ ಊರಿ, ಬಿದ್ದದ್ದೇ ಗೊತ್ತಾಗದವಳಂತೆ ಬಾಗಿಲು ತೆಗೆಯಲು ಹಿಡಿ ಹುಡುಕತೊಡಗಿದಳು. ಹಿಡಿ ಇಲ್ಲದ ಕಡೆ ತಗಡನ್ನು ತಡಕುತ್ತಲೇ ಇದ್ದಳು.

"ಹದಿನಾರು," ಎಂದಳು ಕ್ಲಿಪ್ಪಕ್ಕ.

ಅಧಿಕಾರಿಣಿ ಪೆನ್ನು ಎತ್ತಿದರು.

"ಹದಿನಾರು ಮೇಡಂ. ಹದಿನೇಳಕ್ಕೆ ಇನ್ನೂ ಏಳು ತಿಂಗಳಿದೆ. ಬರ್ಕೊಳ್ಳಿ, ನಾನು ಇನ್ನೊಂದ್ಸಲ ಬದಲಾಯಿಸೋದ್ರೊಳಗೆ ಬರ್ಕೊಳ್ಳಿ."

ಬರೆದುಕೊಂಡರು. ಕ್ಲಿಪ್ಪಕ್ಕ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಸಹಿ ಹಾಕಿದಳು. ಹೆರಿಗೆಯ ನೆರವಿಗೆ ಒಂದು ಅರ್ಜಿಯ ಕಾಗದವನ್ನೂ ಅವರು ಕೊಟ್ಟರು, ಕೆಲಸ ಕೊಟ್ಟವರ ಸಹಿ ಮಾಡಿಸಿ ತನ್ನಿ ಎಂದರು. ಜೀಪು ಹೊರಟುಹೋದ ಮೇಲೆ ಮೊಂಡಿ ಒಳಗೆ ಬಂದಳು. ಅವಳಿಗೆ ಈಗ ಪೂರ್ತಿ ಎಚ್ಚರವಾಗಿತ್ತು.

"ಇಪ್ಪತ್ತು ದಿನ ಇತ್ತು ಅಷ್ಟೇ. ನಾನು ಅತ್ತಿದ್ನಾ? ಆಗಲ್ಲ ಅಂತ ಒಂದಿನ ಅಂದಿದ್ನಾ? ಜಾಗ ನಂದು ಅಲ್ದೇ ಇದ್ರೂ ಉಳಿಸ್ಕೊಂಡಿದ್ದೆ. ನೀನೇ ಕೊಟ್ಬಿಟ್ಟೆ."

ಅದಾದ ಮೇಲೆ ಮೂರು ದಿನ ಅವಳು ಮಾತಾಡಲಿಲ್ಲ. ಮಾತಾಡಲು ಬೇರೆಯವರಿದ್ದರು. ನೋಟಿಸು ಬಂದ ಮರುದಿನವೇ ಮನೆ ಬದಲಿ ನಿಂತಿತು. ಬೆಲ್ಟಿನಲ್ಲಿ ಕ್ಲಿಪ್ಪಕ್ಕನ ಎದುರಿಗೆ ನಿಲ್ಲುತ್ತಿದ್ದ, ಕಾಲುಬಾವಿನ ಹೆಂಗಸೊಬ್ಬಳು ವಾರಕ್ಕೆರಡು ರಾತ್ರಿ ಮಗಳನ್ನು ಕಳಿಸಿ ಜಾಗ ಉಳಿಸಿಕೊಂಡಿದ್ದಳು. ಅವಳು ಕುಂಟುತ್ತ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ಹದಿನೆಂಟು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳ ಜಾಗದಲ್ಲಿ ತಾನಿದ್ದಿದ್ದರೆ ತಾನೂ ಇದನ್ನೇ ಕೇಳುತ್ತಿದ್ದೆ, ಇನ್ನೂ ಜೋರಾಗಿ ಕೇಳುತ್ತಿದ್ದೆ ಎಂದು ಕ್ಲಿಪ್ಪಕ್ಕನಿಗೆ ಗೊತ್ತಿತ್ತು. ಅರ್ಜಿಯ ಕಾಗದ ಹಿಡಿದು ಓಣಿಯ ಹುಡುಗನೊಬ್ಬ ಅವಳ ಪರವಾಗಿ ಕಾರ್ಖಾನೆಯ ಆಫೀಸಿಗೆ ಹೋಗಿಬಂದ. ಪ್ಯಾಕಿಂಗಿನವರು ನಮ್ಮವರಲ್ಲ, ಗುತ್ತಿಗೆದಾರನವರು ಎಂದರಂತೆ. ಗುತ್ತಿಗೆದಾರ ಮೇಸ್ತ್ರಿಯನ್ನು ಕೇಳಿ ಎಂದ. ಮೇಸ್ತ್ರಿಯ ಬಳಿ ಇದ್ದದ್ದು ಜಾಗಗಳ ಪಟ್ಟಿ. ಅದರಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿಗಳಿದ್ದವು, ಹೆಸರುಗಳಿರಲಿಲ್ಲ.

ಮೂರನೆಯ ರಾತ್ರಿ ಕ್ಲಿಪ್ಪಕ್ಕ ಹಾಲು ಹಿಂಡಿ ಬಟ್ಟಲಲ್ಲಿ ಮುಚ್ಚಿಟ್ಟಳು. ಮಗುವನ್ನು ಮೊಂಡಿಯ ತೊಡೆಯ ಮೇಲೆ ಮಲಗಿಸಿ, ಚಮಚದಲ್ಲಿ ಹೇಗೆ ಕುಡಿಸಬೇಕೆಂದು ಗೋಡೆಗೆ ಹೇಳಿದ ಹಾಗೆ ಹೇಳಿ, ಒಳಗೆ ನಾಲ್ಕು ಮಡಿಕೆ ಬಟ್ಟೆ ಕಟ್ಟಿಕೊಂಡು ಹೊರಟಳು. ಹದಿನೈದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೆಂಚಿನ ತುದಿಯಲ್ಲಿ ಕೂತಳು. ಹತ್ತಕ್ಕೆ ಮೇಸ್ತ್ರಿ ಬಂದ, ಅವಳನ್ನು ಕಂಡು ಬೆರಳು ಎತ್ತಿದವನು ಇಳಿಸಿದ.

"ಎಷ್ಟು ದಿನದ್ದಾಯ್ತು ಮಗು?"

"ಇಪ್ಪತ್ತೈದು."

"ನಲವತ್ತೆರಡು ಆಗ್ಬೇಕಂತಮ್ಮ. ನಿನ್ನ ವಿಷಯ ಬರ್ಕೊಂಡು ಹೋಗಿದಾರೆ. ನಿನ್ನನ್ನ ಒಳಗೆ ಬಿಟ್ರೆ ನನ್ನ ಜಾಗಕ್ಕೇ ಬೆಂಚಿಂದ ಒಬ್ಬನ್ನ ಕರೀತಾರೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಅವನ ಬೆರಳು ಪಕ್ಕದಲ್ಲಿ ಕೂತಿದ್ದ ಸಣಕಲು ಹೆಂಗಸಿನ ಕಡೆ ಸರಿಯಿತು. ಕ್ಲಿಪ್ಪಕ್ಕನ ಜಾಗದಲ್ಲಿ ಅವಳಿಗೆ ಅದು ಮೂರನೆಯ ರಾತ್ರಿ. ಅವಳು ಎದ್ದು, ಗೇಟಿನವರೆಗೆ ಹೋಗಿ, ತಿರುಗಿ ಬಂದಳು. ಕ್ಲಿಪ್ಪಕ್ಕ ಯಾರೆಂದು ಅವಳಿಗೆ ತಿಳಿದಂತಿರಲಿಲ್ಲ, ಹಳಬಳೆಂದಷ್ಟೇ ತಿಳಿದಿತ್ತು.

"ಅಕ್ಕ, ಕವರಿನ ಬಾಯಿ ಎರಡು ಸುತ್ತಾ, ಮೂರು ಸುತ್ತಾ? ನಿನ್ನೆ ನನ್ನವೆಲ್ಲ ಬಿಚ್ಕೊಂಡ್ವು ಅಂತ ಬೈದ್ರು."

"ಎರಡು. ಮೂರು ಸುತ್ತಿದ್ರೆ ಹರಿಯುತ್ತೆ," ಎಂದಳು ಕ್ಲಿಪ್ಪಕ್ಕ. "ಹೆಬ್ಬೆರಳಿಂದ ಒಳಗಿನ ಗಾಳಿ ಒತ್ತಿ ತೆಗಿ ಮೊದ್ಲು. ಆಮೇಲೆ ಬಿಚ್ಚಲ್ಲ."

ಗೇಟು ಮುಚ್ಚಿತು. ಒಳಗೆ ಬೆಲ್ಟು ಶುರುವಾದ ಸದ್ದು ಕೇಳುವವರೆಗೂ ಕೂತಿದ್ದು, ಆಮೇಲೆ ಬೆಂಚು ಹಿಡಿದು ಎದ್ದಳು.

ಮನೆ ಸೇರುವಾಗ ಮಗುವಿನ ಅಳು ಓಣಿಯಲ್ಲೇ ಕೇಳಿಸಿತು. ಮೊಂಡಿ ಅದನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆಯ ಆ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಬಟ್ಟಲಿನ ಹಾಲು ಹಾಗೇ ಇತ್ತು.

"ಚಮಚ ಬಾಯಿಗಿಟ್ರೆ ಉಗೀತಾನೆ," ಎಂದಳು. ಮೂರು ದಿನದಲ್ಲಿ ಅದೇ ಮೊದಲ ಮಾತು. ಆಮೇಲೆ ಅಕ್ಕನ ಮುಖ ನೋಡಿ ಮಗುವನ್ನು ಅವಳ ಕೈಗೆ ಕೊಟ್ಟಳು.

ಕ್ಲಿಪ್ಪಕ್ಕ ಗೋಡೆಗೊರಗಿ ಕೂತು ಹಾಲಿಗೆ ಹಾಕಿಕೊಂಡಳು. ಮಲಗು, ನಾಳೆ ಶಾಲೆಯಿದೆ ಎಂದಳು. ಮೊಂಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತಳು. ಮತ್ತೆ ಮಲಗಿ ಮಗ್ಗುಲು ಬದಲಿಸಿದಳು.

"ನಿದ್ದೆ ಬರ್ತಿಲ್ಲ ಕಣಕ್ಕ. ನಿನ್ನೇನೂ ಬರ್ಲಿಲ್ಲ, ಮೊನ್ನೇನೂ ಬರ್ಲಿಲ್ಲ. ಈ ಹೊತ್ತಲ್ಲಿ ಬರ್ತಾನೇ ಇಲ್ಲ."

"ಕಣ್ಣು ಮುಚ್ಕೊಂಡಿರು. ಬರುತ್ತೆ."

ಮೊಂಡಿ ಕಣ್ಣು ಮುಚ್ಚಿದಳು. ಮಗು ಒಂದು ಕಡೆ ಕುಡಿದು ಮುಗಿಸಿತು. ಕ್ಲಿಪ್ಪಕ್ಕ ಇನ್ನೊಂದು ಕಡೆಗೆ ಹಾಕಿಕೊಂಡಳು. ಅವಳ ಹೊಟ್ಟೆ ಖಾಲಿಯಿದ್ದರಿಂದಲೋ ಏನೋ ಆ ಕಡೆ ಹಾಲು ಸಾಲದೆ ಮಗು ಎಳೆದೆಳೆದು ಚೀಪುತ್ತಿತ್ತು. ಅವಳು ಕೈ ಚಾಚಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಂಜೆ ಹಿಂಡಿಟ್ಟ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಮೂಸಿ ನೋಡಿದಳು, ತಿಳಿಯದೆ ತಂಗಿಯ ಮೂಗಿನ ಬಳಿ ಹಿಡಿದಳು.

"ಇನ್ನೂ ಚೆನ್ನಾಗಿದೆ," ಎಂದಳು ಮೊಂಡಿ ಕಣ್ಣು ಬಿಡದೆ.